ಆಯ್ತು ಅನ್ನದೇ ಬಿಟ್ಟ ಫೋಟೋ

ಆ ಬಾಗ್ಲು ಒಂಚೂರು ಮುಂದಕ್ಕೆ ತಳ್ಳು. ಚಿಲಕ ಬೇಡ, ತಳ್ಳಿದ್ರೆ ಸಾಕು. ಹಾಂ... ಈಗ ಕೂತ್ಕೊಳ್ಳಿ.

ಇದು ಕಟ್ಟುಕತೆ ಅಲ್ಲ. ಕಟ್ಟುಕತೆ ಬೇಕು ಅಂದ್ರೆ ಓದಿರೋರ ಹತ್ರ ಹೋಗಿ. ನಾನು ಓದಿರೋದು ಲಾರಿ ಹಿಂದುಗಡೆ ಬರೆದಿರ್ತಾರಲ್ಲ, ಅಷ್ಟೇ. ಆದ್ರೆ ಜೀವಮಾನವೆಲ್ಲ ರಾತ್ರಿ ಹೊತ್ತು ಲಾರಿ ಓಡಿಸಿದೋನು ನಾನು. ಸ್ಮಶಾನದ ಪಕ್ಕದಲ್ಲಿ ಗಾಡಿ ನಿಲ್ಲಿಸಿ ಗೊರಕೆ ಹೊಡೆದಿದೀನಿ. ಆ ಗೊರಕೆಗೆ ದೆವ್ವಗಳೇ ಬೇರೆ ಜಾಗ ನೋಡ್ಕೊಂಡಿರ್ಬೇಕು. ಅಂಥೋನು ಹೇಳ್ತಿದೀನಿ ಅಂದ್ರೆ ನಡೆದಿದ್ದು ಅಂತ್ಲೇ ತಿಳ್ಕೊಳ್ಳಿ.

ನಡೆದಿದ್ದು ನನ್ನ ತಂಗಿ ಮಗನಿಗೆ. ಒಂಟಿಗಣ್ಣ ಅಂತ ಕರೀತೀವಿ. ಕಣ್ಣು ಎರಡೂ ಸರಿಯಾಗೇ ಇದಾವೆ. ಚಿಕ್ಕಂದಿನಿಂದ ಏನು ನೋಡ್ಬೇಕಾದ್ರೂ ಒಂದು ಕಣ್ಣು ಮುಚ್ಚೋ ಚಾಳಿ. ಕೊನೆಗೆ ಅದೇ ಅನ್ನ ಹಾಕ್ತು, ಫೋಟೋ ತೆಗಿಯೋ ಕೆಲಸಕ್ಕೆ ಬಿದ್ದ. ಅಂಗಡಿ ಇಲ್ಲ, ಸಂಬಳ ಇಲ್ಲ, ಯಜಮಾನ ಇಲ್ಲ. ಯಾರು ಕರೆದ್ರೆ ಅಲ್ಲಿಗೆ ಹೋಗೋದು. ಮದುವೆ ಮನೆ, ಗುದ್ದಿಸ್ಕೊಂಡ ಕಾರು, ಮಾರೋಕೆ ಇಟ್ಟ ಮನೆ, ಸತ್ತೋರ ಮುಖ... ಎಲ್ಲದಕ್ಕೂ ಇವನೇ. "ಬದುಕಿರೋರೆಲ್ಲ ಕೇಳೋದು ಒಂದೇ ಮಾವ, ನಾನು ದಪ್ಪ ಕಾಣ್ತೀನಾ ಅಂತ. ಸತ್ತೋರೇ ವಾಸಿ, ಏನೂ ಕೇಳಲ್ಲ" ಅಂತಿದ್ದ.

ಆಮೇಲೆ ಒಬ್ರು ಕೇಳಿದ್ರು ನೋಡಿ. ಅದನ್ನೇ ಹೇಳ್ತೀನಿ.

ಅವತ್ತು ರಾತ್ರಿ ಒಂಟಿಗಣ್ಣ ನಡ್ಕೊಂಡು ಮನೆಗೆ ಬರ್ತಿದ್ದ. ಸ್ಕೂಟರು ಮೆಕ್ಯಾನಿಕ್ ಹತ್ರ ಮಲಗಿತ್ತು. ಬ್ಯಾಗು ಎಡಗಡೆ ಹೆಗಲ ಮೇಲೆ. ವರ್ಷಾನುಗಟ್ಟಲೆ ಅದೇ ಹೆಗಲ ಮೇಲೆ ಹೊತ್ತು ಹೊತ್ತು ಆ ಭುಜ ಇಳಿದುಬಿಟ್ಟಿದೆ. ಟೈಲರು ಅವನ ಶರ್ಟು ಹೊಲಿಯುವಾಗ "ಒಂದು ಕಡೆ ಮನುಷ್ಯಂಗೆ, ಇನ್ನೊಂದು ಕಡೆ ಕತ್ತೆಗೆ ಅಳತೆ ತಗೋಬೇಕು" ಅಂತ ಬೈಕೊಂಡೇ ಹೊಲಿಯೋನು. ಅಷ್ಟು ಸುಸ್ತಾದ ಮನುಷ್ಯ.

ದಾರೀಲಿ ಒಂದು ಹಳೇ ಬಾವಿ. ಮೇಲೆ ಕಬ್ಬಿಣದ ಜಾಲರಿ ಮುಚ್ಚಿದಾರೆ, ನೀರು ಸೇದೋರು ಯಾರೂ ಇಲ್ಲ. ರಾಟೆ ಮಾತ್ರ ಹಂಗೇ ಇದೆ, ಗಾಳಿ ಬಂದಾಗ ಕುಯ್ಂ... ಅನ್ನತ್ತೆ. ಬಾವಿ ಪಕ್ಕದಲ್ಲೇ ಒಂದು ಮೂಲೆಮನೆ. ಅಲ್ಲಿ ಬಾಗಿಲ ಮುಂದೆ ಒಬ್ಬಳು ಅಜ್ಜಿ ಕೂತಿರ್ತಿದ್ಲು, ಬೆತ್ತದ ಕುರ್ಚಿ ಹಾಕ್ಕೊಂಡು. ಅಜ್ಜಿ ತೀರ್ಕೊಂಡು ಒಂದು ಮಳೆಗಾಲ ಕಳೆದಿತ್ತು. ಕುರ್ಚಿ ಮುರುಕು ಸಾಮಾನಿನ ಗಾಡಿಯೋನಿಗೆ ಹೋಗಿತ್ತು.

ಒಂಟಿಗಣ್ಣ ಬಾವಿ ದಾಟಿದ.

ಕಿರ್ರ್... ಟಕ್.

ನಿಂತ. ರಾಟೆ ಸದ್ದು ಅಲ್ಲ. ರಾಟೆ ಕುಯ್ಗುಡತ್ತೆ. ಇದು ಒಣಗಿದ ಸದ್ದು. ಬೆತ್ತದ ಕುರ್ಚೀಲಿ ಬಹಳ ಹೊತ್ತು ಕೂತೋರು ಒಂದು ಮಗ್ಗಲಿಂದ ಇನ್ನೊಂದು ಮಗ್ಗಲಿಗೆ ಭಾರ ಹಾಕ್ತಾರಲ್ಲ... ಆ ಸದ್ದು.

ಆಮೇಲೆ ಪಿಸುಮಾತು.

"ಆಯ್ತಾ?"

ತಿರುಗಿ ನೋಡಿದ. ಬಾಗ್ಲು ಮುಚ್ಚಿದೆ. ಮುಂದೆ ಖಾಲಿ ನೆಲ. ಬೀದಿದೀಪದ ಬೆಳಕು ಆ ನೆಲದ ಮೇಲೆ ಬಿದ್ದಿದೆ, ಒಂದು ಬೆಕ್ಕೂ ಇಲ್ಲ.

"ಲೋ... ಆಯ್ತೇನೋ?"

ಒಂಟಿಗಣ್ಣ ಓಡಿಲ್ಲ ಅಂತ ಹೇಳ್ಕೋತಾನೆ. ಅವನ ಹೆಂಡ್ತಿ ಹೇಳ್ತಾಳೆ, ಮನೆ ಬಾಗ್ಲಿಗೆ ಬಂದಾಗ ಒಂದೇ ಚಪ್ಪಲಿ ಇತ್ತು ಅಂತ.

ಈಗ ಹಿಂದಿನ ವಿಷಯ ಹೇಳ್ಬೇಕು. ಇಲ್ದಿದ್ರೆ ನಿಮಗೆ ತಲೆಬುಡ ಗೊತ್ತಾಗಲ್ಲ.

ಆ ಅಜ್ಜಿ ಇವನು ಹೋಗ್ತಾ ಬರ್ತಾ ಕೂಗೋಳು. "ಒಂಟಿಗಣ್ಣ, ನಂದೂ ಒಂದು ತೆಗಿಯೋ." ಇವನು "ನಾಳೆ ಅಜ್ಜಿ" ಅನ್ನೋನು. "ನಾಳೆ ನಾಳೆ ಅಂತ ನನ್ನ ಹೆಣದ ಫೋಟೋ ತೆಗಿತೀಯ ನೀನು" ಅಂತ ಅವಳು ನಗೋಳು. ಬಾಯಲ್ಲಿ ಹಲ್ಲಿಲ್ಲ, ನಾಲಿಗೆ ಮಾತ್ರ ಚೂರಿ.

ಒಂದು ದಿನ ಮಧ್ಯಾಹ್ನ ಮದುವೆ ಮನೆಗೆ ಹೊರಟಿದ್ದ. ಮೋಡ ಕಟ್ಟಿ ಬೆಳಕು ಮೆತ್ತಗಿತ್ತು. ಗೋಡೆ ಸುಣ್ಣ, ಅಜ್ಜಿ ಮುಖದ ಸುಕ್ಕು, ಬೆತ್ತದ ಹೆಣಿಗೆ, ಎಲ್ಲಾ ಒಂದೊಂದೇ ಎದ್ದು ಕಾಣ್ತಿತ್ತು. ಇವನಿಗೆ ಕೈ ತುರಿಸ್ತು. ಸ್ಕೂಟರು ನಿಲ್ಲಿಸಿದ.

"ಕೂತ್ಕೋ ಅಜ್ಜಿ, ಇವತ್ತು ತೆಗಿತೀನಿ."

"ಅಯ್ಯೋ, ಮುಂಚೆ ಹೇಳ್ಬಾರ್ದಾ? ತಲೆ ಬಾಚ್ಕೋತಿದ್ದೆ."

"ಇರೋ ನಾಕು ಕೂದಲಿಗೆ ಬಾಚಣಿಗೆ ಬೇರೆ."

"ನಿನ್ನ ತಲೆ ನೋಡ್ಕೊಳ್ಳೋ ಮೊದ್ಲು!" ಅಂದ್ಲು. ಆದ್ರೂ ನೆಟ್ಟಗೆ ಕೂತ್ಲು. ಆಮೇಲೆ ಎಡಗಾಲನ್ನ ಬಲಗಾಲಿನ ಹಿಂದೆ ಎಳ್ಕೊಂಡ್ಲು. ಎಡಗಾಲಿನ ಚಪ್ಪಲಿ ಪಟ್ಟಿ ಕಿತ್ತೋಗಿದ್ದಕ್ಕೆ ಪಿನ್ನು ಚುಚ್ಕೊಂಡಿದ್ಲು. "ಪಿನ್ನು ಕಾಣಲ್ಲ ತಾನೇ?"

"ಕಾಣಲ್ಲ."

ಆಗ ಹೇಳಿದ್ಲು. ಅವಳ ಮದುವೇಲಿ ಪೆಟ್ಟಿಗೆ ಕ್ಯಾಮರಾದೋನು ಬಂದಿದ್ನಂತೆ. ಅಲ್ಲಾಡ್ಬೇಡಮ್ಮ, ನಾನು ಆಯ್ತು ಅನ್ನೋವರೆಗೂ ಅಲ್ಲಾಡ್ಬೇಡ ಅಂದಿದ್ದ. ಇವಳು ಹುಡುಗಿ, ಮೂಗಿನ ಮೇಲೆ ನೊಣ ಕೂತ್ಕೊಂಡ್ತು. ಅಲ್ಲಾಡಿಬಿಟ್ಲು. ಗಂಡನ ಮುಖ ಚೆನ್ನಾಗಿ ಬಂತು, ಇವಳ ಮುಖ ಇರ್ಬೇಕಾದ ಕಡೆ ಬರೀ ಹೊಗೆ. ಅವತ್ತಿಂದ ಗಂಡ ಸಾಯೋವರೆಗೂ ಬಂದೋರಿಗೆಲ್ಲ ಗೋಡೆ ತೋರಿಸಿ "ನಾನು ಹೊಗೆನ ಮದುವೆ ಆಗಿದ್ದು" ಅಂತ ನಗಾಡೋನಂತೆ. ಆಮೇಲೆ ಯಾರೂ ಅವಳ ಫೋಟೋ ತೆಗೆದೇ ಇಲ್ಲ.

"ಈ ಸಲ ಅಲ್ಲಾಡಲ್ಲ ನೋಡು," ಅಂದ್ಲು. "ನೀನು ಆಯ್ತು ಅನ್ನೋವರೆಗೂ."

ಈಗ ಒಂಟಿಗಣ್ಣನ ಕಸುಬಿನ ಒಂದು ಕಳ್ಳದಾರಿ ಹೇಳ್ಬೇಕು. ಅವನು ಯಾರಿಗೂ ಬೇಗ ಆಯ್ತು ಅನ್ನೋನಲ್ಲ. ಮೊದಲನೇ ಫೋಟೋದಲ್ಲಿ ಎಲ್ರ ಮುಖದ ಮೇಲೂ ಡೌಲು ಇರತ್ತಂತೆ. ಹಂಗೇ ಕೂರಿಸಿ, ಕಾಯಿಸಿ, ಇನ್ನೂ ಕಾಯಿಸಿದ್ರೆ ಡೌಲು ತಾನಾಗೇ ಇಳಿದು ಒಳಗಿನ ಮನುಷ್ಯ ಮುಖಕ್ಕೆ ಬರ್ತಾನಂತೆ. ಆಗ ತೆಗಿಯೋನು. ಆಮೇಲೆ ಆಯ್ತು ಅನ್ನೋನು.

ಅಜ್ಜಿನೂ ಕಾಯಿಸಿದ. ಚಕ್. ಕಾಯಿಸಿದ. ಚಕ್. ಇನ್ನೂ ಕಾಯಿಸಿದ... ಆ ಮುಖ ಬಂತು. ಚಕ್.

ಅಷ್ಟರಲ್ಲಿ ಜೇಬಲ್ಲಿ ಫೋನು. ಮದುವೆ ಮನೆಯೋರು. ಹೆಣ್ಣು ರೆಡಿ ಆಗಿ ಕೂತಿದಾಳೆ, ನೀನೆಲ್ಲಿ ಸತ್ತಿದೀಯ ಅಂತ ಒಂದೇ ಸಮ ಕಿರುಚಾಟ. ಇವನು ಫೋನು ಕಿವಿಗೆ ಒತ್ಕೊಂಡೇ ಬ್ಯಾಗು ಮುಚ್ಚಿದ, ಸ್ಕೂಟರು ಒದ್ದ, ಹೋಗ್ಬಿಟ್ಟ.

ಆಯ್ತು ಅನ್ನಲಿಲ್ಲ.

ಒಂದು ಮದುವೆ ಮುಗಿಯೋಷ್ಟರಲ್ಲಿ ಇನ್ನೊಂದು ಬಂತು. ಆ ದಾರೀಲಿ ತಿರುಗಿ ಬರೋ ಹೊತ್ತಿಗೆ ಮೂಲೆಮನೆ ಮುಂದೆ ಕುರ್ಚಿನೂ ಇಲ್ಲ, ಅಜ್ಜಿನೂ ಇಲ್ಲ. ವಯಸ್ಸಾಗಿತ್ತು, ಹೋದ್ಲು ಅಂದ್ರು ಬೀದಿಯೋರು. ಇವನೂ ಅಯ್ಯೋ ಅಂದ. ಒಳಗೆ ಹೋಗಿ ಮಾತಾಡಿಸೋಕೂ ಪುರುಸೊತ್ತಿಲ್ಲ. ಮನೆಗೆ ಹೋಗಿ ಫೋಟೋ ನೋಡಿದ. ಅವನ ಜನ್ಮದಲ್ಲಿ ಅಂಥದ್ದು ತೆಗೆದಿರಲಿಲ್ಲ. ನಾನೂ ನೋಡಿದೀನಿ. ಅಜ್ಜಿ ಈಗ ಮಾತಾಡ್ತಾಳೆ, ಈಗ ಮಾತಾಡ್ತಾಳೆ ಅನ್ನೋ ಹಂಗಿತ್ತು.

ಹಿಂಗಿರುವಾಗ ಒಂದು ಪತ್ರಿಕೆ ನಡೆಸೋ ಮೇಡಂ ಇವನನ್ನ ಕರೆದ್ರು. ಲೈಬ್ರರಿ ಮೇಲ್ಗಡೆ ಹಾಲಲ್ಲಿ ನಾಕು ದಿನ ನಿಮ್ಮ ಫೋಟೋ ನೇತಾಕಿ, ದಿನಾ ಸಂಜೆ ಒಂದೊಂದರ ಹಿಂದಿರೋ ಕತೆ ಜನಕ್ಕೆ ಹೇಳಿ. ಜನಕ್ಕೆ ಈಗ ಫೋಟೋ ಸಾಲದು, ಅದರ ಹಿಂದಿನ ಕತೆ ಬೇಕು. ಕೊನೇ ದಿನ ನಂಗೆ ಹಿಡಿಸಿದ್ದನ್ನ ಮುಖಪುಟಕ್ಕೆ ಹಾಕ್ತೀನಿ, ನಿಮಗೆ ನಮ್ಮ ಆಫೀಸಲ್ಲಿ ಖಾಯಂ ಕೆಲಸ ಕೊಡ್ತೀನಿ ಅಂದ್ರು. ಟೇಬಲ್ಲು, ಕುರ್ಚಿ.

ಕುರ್ಚಿ! ಜೀವನವೆಲ್ಲ ನಿಂತೇ ದುಡಿದೋನಿಗೆ ಆ ಮಾತು ಹೆಂಗೆ ಕೇಳಿಸಿರ್ಬೇಕು ಹೇಳಿ. ಮಂಡಿ ಆಗಲೇ ಕಟಕಟ ಅಂತಿದ್ವು. ಹೆಂಡ್ತಿ ದಿನಾ ರಾತ್ರಿ ಎಣ್ಣೆ ತಿಕ್ಕಿ ತಿಕ್ಕಿ "ಇನ್ನೆಷ್ಟು ದಿನ ಹಿಂಗೆ" ಅಂತ ಕೇಳಿ ಕೇಳಿ ಅವಳಿಗೂ ಸಾಕಾಗಿತ್ತು.

ಮೊದಲನೇ ಸಂಜೆ ಅಜ್ಜಿ ಫೋಟೋ ಮುಂದೆ ನಿಂತ್ಕೊಂಡು ಒಂದು ಕತೆ ಬಿಟ್ಟ. ಇಡೀ ಮಧ್ಯಾಹ್ನ ನಾನು ಇವರ ಕಾಲ ಹತ್ರ ಕೂತು ಕಷ್ಟಸುಖ ಕೇಳಿದೆ, ಹೊರಡುವಾಗ ನನ್ನ ತಲೆ ಸವರಿ ಕಳಿಸಿದ್ರು ಅಂತ. ಜನ ಕಣ್ಣೊರೆಸ್ಕೊಂಡ್ರು. ಮೇಡಂ ಮೂಗು ಸೀಟ್ಕೊಂಡು "ಇದೇ... ಬಹುಶಃ ಇದೇ" ಅಂದ್ರು.

ಅವತ್ತು ರಾತ್ರಿನೇ ಅವನು ಒಂದು ಚಪ್ಪಲೀಲಿ ಮನೆಗೆ ಬಂದಿದ್ದು.

ಮಾರನೇ ದಿನ ಹಾಲಿಗೆ ಹೋದ್ರೆ ಕಾವಲಿನೋನು ಆ ಫೋಟೋ ಮುಂದೆ ತಲೆ ಕೆರ್ಕೊಂಡು ನಿಂತಿದಾನೆ.

"ಸಾರ್, ಫೋಟೋ ಬದಲಾಯಿಸಿದ್ರಾ?"

"ಇಲ್ವಲ್ಲ. ಯಾಕೆ?"

"ನಿನ್ನೆ ಅಜ್ಜಿ ನೆಟ್ಟಗೆ ಕೂತಿದ್ರು. ಇವತ್ತು ನೋಡಿ, ಬಗ್ಗಿದಾರೆ."

ಒಂಟಿಗಣ್ಣ ಹತ್ರ ಹೋದ. ಒಂದು ಕಣ್ಣು ಮುಚ್ಚಿ ನೋಡಿದ. ಎರಡೂ ಬಿಟ್ಟು ನೋಡಿದ. ಭುಜ ಇಳಿದಿತ್ತು. ತಲೆ ಒಂದು ಕಡೆ ವಾಲಿತ್ತು. ಒಂದು ಕೈ ಸೊಂಟದ ಮೇಲೆ.

"ಹಿಂಗೇ ಆದ್ರೆ ನಾಳೆ ಎದ್ದೇ ಹೋಗ್ತಾರೆ ಸಾರ್!" ಕಾವಲಿನೋನು ಹಲ್ಲು ಕಿಸಿದ. ಇವನು ನಗಲಿಲ್ಲ ಅಂತ ಅವನೂ ಬಾಯಿ ಮುಚ್ಕೊಂಡ.

ಅಲ್ಲಿಂದ ಸೀದಾ ಮೂಲೆಮನೆಗೆ ಹೋದ. ಅಜ್ಜಿ ಸೊಸೆ ಬಾಗ್ಲು ತೆಗೆದ್ಲು. ಗೋಡೆ ಮೇಲೆ ಅದೇ ಮದುವೆ ಫೋಟೋ, ಮೀಸೆ ಗಂಡ, ಪಕ್ಕದಲ್ಲಿ ಹೊಗೆ. ಹೊಗೆಯ ಕೆಳಗೆ ಎರಡು ಪಾದ, ಹೊಸ ಚಪ್ಪಲಿ. ಅಲ್ಲಾಡಿದ್ದು ಮೇಲ್ಗಡೆ ಮಾತ್ರ ನೋಡಿ.

"ಅಕ್ಕ, ಅಜ್ಜಿ ಹೆಂಗೆ ಹೋದ್ರು?"

"ನಿಂಗೆ ಯಾರೂ ಹೇಳಿಲ್ವೇನಪ್ಪ? ನೀನು ಫೋಟೋ ತೆಗೆದ ದಿನಾನೇ. ನಾನು ಕೆಲಸ ಮುಗಿಸಿ ಸಂಜೆ ಬಂದ್ರೆ ಹೊರಗೆ ಕೂತಿದ್ರು. ಏಳಿ ಅತ್ತೆ, ಇಬ್ಬನಿ ಬೀಳ್ತಿದೆ ಅಂದೆ. ತುಟಿ ಅಲ್ಲಾಡಿಸ್ದೇ ಹೇಳಿದ್ರು, ಫೋಟೋದೋನು ಇನ್ನೂ ಆಯ್ತು ಅಂದಿಲ್ಲ, ಇಲ್ಲೇ ಎಲ್ಲೋ ಹೋಗಿದಾನೆ, ಬರ್ತಾನೆ ಅಂತ. ಅವರ ಹಠ ನಿಂಗೆ ಗೊತ್ತಲ್ಲ. ಒಳಗೆ ಹೋಗಿ ಟೀ ಇಟ್ಟೆ, ತಂದೆ... ಕೂತ ಹಂಗೇ ಇದ್ರು. ಎದೆ ಮೊದಲೇ ಸರಿ ಇರಲಿಲ್ಲ, ಇವತ್ತೋ ನಾಳೆನೋ ಅಂತ ಡಾಕ್ಟ್ರು ಹೇಳಿದ್ರು ಬಿಡು. ನಿಂದೇನು ತಪ್ಪು."

ನಿಂದೇನು ತಪ್ಪು ಅಂದ್ಲು. ಬೈದಿದ್ರೆ ವಾಸಿ ಇತ್ತು.

ಹೊರಡುವಾಗ ಅವಳೇ ಕೇಳಿದ್ಲು. "ಆ ಫೋಟೋದು ಒಂದು ಕಾಪಿ ಕೊಡಪ್ಪ. ಅವರ ಮುಖ ಇರೋದು ಮನೇಲಿ ಒಂದೂ ಇಲ್ಲ."

"ಕೊಡ್ತೀನಕ್ಕ" ಅಂದ.

ಆ ರಾತ್ರಿ ಬೇರೆ ದಾರಿ ಹಿಡೀಬಹುದಿತ್ತು. ಸುತ್ತು ಜಾಸ್ತಿ, ಕಾಲು ಬರಲಿಲ್ಲ. ಬಾವಿ ಹತ್ರ ಬಂದ. ಗಾಳಿ ಇಲ್ಲ, ರಾಟೆ ಸುಮ್ನಿದೆ.

ಕಿರ್ರ್... ಟಕ್.

"ಆಯ್ತಾ?"

ಈ ಸಲ ಓಡಲಿಲ್ಲ. ಕಾವಲಿನೋನ ಮಾತು ತಲೇಲಿ ಕೂತಿತ್ತು. ಆಯ್ತು ಅಂದ್ರೆ ಎದ್ದು ಹೋಗ್ತಾಳೆ. ಎದ್ದು ಹೋದ್ರೆ ಫೋಟೋದಲ್ಲಿ ಇನ್ನೇನಿರತ್ತೆ? ಮುಖಪುಟ ಹೋಯ್ತು. ಟೇಬಲ್ಲು, ಕುರ್ಚಿ ಹೋಯ್ತು. ಸೊಸೆಗೆ ಕೊಡೋಕೆ ಮುಖಾನೂ ಹೋಯ್ತು. ಇನ್ನೆರಡು ದಿನ... ಬರೀ ಎರಡು ದಿನ.

ನನ್ನ ತಂಗಿ ಮಗ ಕೆಟ್ಟೋನಲ್ಲ. ಸುಸ್ತಾಗಿದ್ದೋನು. ಆದ್ರೂ ಹೇಳಿದ.

"ಇನ್ನೊಂಚೂರು ಅಜ್ಜಿ... ಅಲ್ಲಾಡ್ಬೇಡ."

ಆಮೇಲೆ ಒಂದು ಉಸಿರು.

"ಹೂಂ."

ಕಿರ್ರ್. ನೆಟ್ಟಗೆ ಕೂತ ಸದ್ದು.

ಬೆಳಗ್ಗೆ ಹಾಲಲ್ಲಿ ಮೇಡಂ ಆಗಲೇ ಫೋಟೋ ಮುಂದೆ ಇದ್ರು. "ಏನ್ರೀ ಇದು! ಇವತ್ತು ಇನ್ನೂ ಚೆನ್ನಾಗಿ ಕಾಣ್ತಿದೆ. ಲೈಟು ಬದಲಾಯಿಸಿದ್ರಾ? ತೀರ್ಮಾನ ಮಾಡಿಬಿಟ್ಟೆ ನಾನು. ಇದೇ."

ಅಜ್ಜಿ ನೆಟ್ಟಗೆ ಕೂತಿದ್ಲು, ಕೋಲು ನುಂಗಿದ ಹಂಗೆ. ಎರಡು ಕೈಯಲ್ಲೂ ಕುರ್ಚಿ ಹಿಡಿ ಹಿಡ್ಕೊಂಡಿದ್ಲು, ಬೆರಳ ಗೆಣ್ಣು ಬೆಳ್ಳಗಾಗಿದ್ವು. ಕೆನ್ನೆ ಪಕ್ಕದಲ್ಲಿ ಬೆವರು ಇಳಿದ ಗೆರೆ. ಕಣ್ಣು ಕ್ಯಾಮರಾ ಕಡೆ ಇರಲಿಲ್ಲ. ಕ್ಯಾಮರಾ ಹಿಂದೆ ನಿಂತೋನ ಕಡೆ ಇತ್ತು.

"ಸಂಜೆ ಇದರ ಕತೆ ಇನ್ನೊಂದ್ಸಲ ಹೇಳಿ," ಅಂದ್ರು ಮೇಡಂ. "ತಲೆ ಸವರಿದ್ರಲ್ಲ, ಅದನ್ನ ಸ್ವಲ್ಪ ಎಳೆದು ಹೇಳಿ."

ಸಂಜೆ ಜನರ ಮುಂದೆ ನಿಂತ. ಬಾಯಿ ತೆಗೆದ. ಇವರು... ಅಂದ. ಮೈ ಸರಿ ಇಲ್ಲ ಅಂತ ಹೇಳಿ ಇಳಿದು ಬಂದ.

ಬಂದಿದ್ದು ಸೀದಾ ಬಾವಿಗೆ. ಬೀದಿ ಮಲಗೋವರೆಗೂ ಬಾವಿಕಟ್ಟೆ ಮೇಲೆ ಕೂತಿದ್ದ. ಒಂದೊಂದೇ ಮನೆ ದೀಪ ಆರ್ತು. ಎಲ್ಲೋ ಒಂದು ನಲ್ಲಿ ತೊಟ್... ತೊಟ್... ಅಂತಿತ್ತು. ಆಮೇಲೆ ಅದೂ ಕೇಳಿಸಲಿಲ್ಲ.

ಈ ಸಲ ಕುರ್ಚಿ ಸದ್ದು ಬರಲಿಲ್ಲ. ಅಲ್ಲಾಡ್ಬೇಡ ಅಂದಿದ್ನಲ್ಲ. ಅದಕ್ಕೆ ಅಲ್ಲಾಡಿರಲಿಲ್ಲ.

ಇವನೇ ಕರೆದ. "ಅಜ್ಜಿ."

"ಹೂಂ." ತುಟಿ ಅಲ್ಲಾಡಿಸ್ದೇ ಮಾತಾಡೋ ಹಂಗಿತ್ತು.

"ಸುಸ್ತಾಯ್ತಾ?"

"ಸೊಂಟ ಹಿಡ್ಕೊಂಡಿದೆ ಕಣೋ. ಕಾಲು ಜೋಮು." ಆಮೇಲೆ ಅವಳೇ ಕೇಳಿದ್ಲು, "ನಿಂಗೆ?"

ಒಂಟಿಗಣ್ಣನಿಗೆ ಅಲ್ಲಿ ಅಳು ಬಂತಂತೆ. ಅಷ್ಟು ವರ್ಷದಲ್ಲಿ ಕ್ಯಾಮರಾ ಮುಂದೆ ಕೂತೋರು ಯಾರೂ ಅವನನ್ನ ಅದು ಕೇಳಿರಲಿಲ್ಲ.

"ನಂಗೂ ಅಜ್ಜಿ."

"ಅಲ್ಲಾಡಿಲ್ಲ ತಾನೇ ನಾನು?"

"ಒಂಚೂರೂ ಇಲ್ಲ."

"ಹೊಗೆ ಬಂದಿಲ್ಲ?"

"ಇಲ್ಲ ಅಜ್ಜಿ. ಮುಖ ಬಂದಿದೆ. ಚೆನ್ನಾಗಿ ಬಂದಿದೆ."

"ಪಿನ್ನು?"

"ಕಾಣಲ್ಲ."

ಇವನು ಬ್ಯಾಗು ಹೆಗಲಿಂದ ಇಳಿಸಿ ನೆಲದ ಮೇಲೆ ಇಟ್ಟ. ಎದ್ದು ನಿಂತ. ಬರೀ ಕೈ ಎತ್ತಿ ಕ್ಯಾಮರಾ ಹಿಡಿಯೋ ಹಂಗೆ ಹಿಡಿದ. ಒಂದು ಕಣ್ಣು ಮುಚ್ಚಿದ.

"ಆಯ್ತು ಅಜ್ಜಿ," ಅಂದ. "ಏಳು."

ಕಿರ್ರ್ರ್ರ್...

ಉದ್ದಕ್ಕೆ ಬಂತು ಸದ್ದು. ಕುರ್ಚಿ ಬೆತ್ತ ಒಂದೊಂದೇ ಎಳೆ ಸಡಿಲ ಆಗ್ತಿರೋ ಹಂಗೆ. ಆಮೇಲೆ ಅಪ್ಪಾ... ಅಂತ ಒಂದು ನಿಟ್ಟುಸಿರು, ವಯಸ್ಸಾದೋರು ಸೊಂಟದ ಮೇಲೆ ಕೈ ಇಟ್ಕೊಂಡು ಏಳುವಾಗ ಅಂತಾರಲ್ಲ. ಆಮೇಲೆ ಚಪ್ಪಲಿ. ಸರ್, ಚಟ್. ಸರ್, ಚಟ್. ಒಂದು ಕಾಲು ಎಳೀತಿತ್ತು, ಒಂದು ಕಾಲು ಬಡೀತಿತ್ತು. ಬಾಗಿಲವರೆಗೂ ಹೋಗಿ ನಿಂತ್ಹೋಯ್ತು. ಬಾಗ್ಲು ತೆಗೀಲೂ ಇಲ್ಲ, ಹಾಕ್ಲೂ ಇಲ್ಲ.

ಒಂಟಿಗಣ್ಣ ಅಲ್ಲೇ ಕಟ್ಟೆ ಮೇಲೆ ಮಲಗಿಬಿಟ್ಟ. ಬೆಳಗ್ಗೆ ಮನೆಮನೆಗೆ ಹಾಲು ಹಾಕೋನು ಎಬ್ಬಿಸಿದ. ಅಷ್ಟು ಚೆನ್ನಾಗಿ ನಿದ್ದೆ ಮಾಡಿ ಯಾವ ಕಾಲ ಆಗಿತ್ತೋ ಅಂತಾನೆ.

ಲೈಬ್ರರಿ ಹಾಲಲ್ಲಿ ನೇತಾಕಿದ್ದ ಫೋಟೋದಲ್ಲಿ ಸುಣ್ಣದ ಗೋಡೆ ಇತ್ತು, ಬಾಗ್ಲು ಇತ್ತು, ಬೆತ್ತದ ಕುರ್ಚಿ ಇತ್ತು. ಕುರ್ಚಿ ನಡುವೆ ತಗ್ಗಾಗಿತ್ತು, ಯಾರೋ ಈಗಷ್ಟೇ ಎದ್ದು ಹೋದ ಹಂಗೆ. ಅಷ್ಟೇ. ಮನೆ ಕಂಪ್ಯೂಟರಲ್ಲಿ ಇದ್ದದ್ದೂ ಅದೇ, ಕ್ಯಾಮರಾದಲ್ಲಿ ಇದ್ದದ್ದೂ ಅದೇ.

ಕಾವಲಿನೋನು ಅವತ್ತೇ ಕೆಲಸ ಬಿಟ್ಟ.

ಮೇಡಂ ಕೂಗಾಡಿದ್ರು. "ಎಲ್ರೀ ಅಜ್ಜಿ? ಯಾವುದೋ ಖಾಲಿ ಕುರ್ಚಿ ತಂದು ನೇತಾಕಿದೀರ, ಇದರ ಹಿಂದೆ ಏನ್ರೀ ಕತೆ ಇದೆ?"

"ಕೂತಿದ್ರು ಮೇಡಂ," ಅಂದ ಇವನು. "ಎದ್ದು ಹೋದ್ರು."

ಖಾಯಂ ಕೆಲಸ ಬೇರೆ ಯಾರಿಗೋ ಹೋಯ್ತು. ಇವನು ಈಗಲೂ ಅದೇ ಬ್ಯಾಗು, ಅದೇ ಮದುವೆ ಮನೆ. ಆದ್ರೆ ಒಂದು. ಈಗ ಯಾರ ಫೋಟೋ ತೆಗೆದ್ರೂ, ಅರ್ಜಿಗೆ ಹಚ್ಚೋ ಹೆಬ್ಬೆಟ್ಟಿನಷ್ಟು ಫೋಟೋ ಆದ್ರೂ, ಕ್ಯಾಮರಾ ಇಳಿಸಿ ಅವರ ಮುಖ ನೋಡಿ "ಆಯ್ತು, ಏಳಿ" ಅಂತಾನೆ. ಅವರು ಎದ್ದು ನಿಲ್ಲೋವರೆಗೂ ಇವನು ಕದಲಲ್ಲ. ಜನ ಇವನಿಗೆ ತಲೆ ಸ್ವಲ್ಪ ಲೂಸು ಅಂದ್ಕೊಂಡಿದಾರೆ.

ಉಳಿದಿದ್ದು ಸೊಸೆ. ಕಾಪಿ ಕೊಡ್ತೀನಿ ಅಂದಿದ್ನಲ್ಲ. ಏನು ಅಂತ ಹೇಳೋದು? ಒಬ್ಬನೇ ಹೋಗೋಕೆ ಧೈರ್ಯ ಸಾಲದೆ ನನ್ನನ್ನ ಕರ್ಕೊಂಡು ಹೋದ. ನಾನು ಜೊತೇಲಿದ್ರೆ ಯಾವ ಮನೆ ಬಾಗ್ಲಾದ್ರೂ ಬಡೀಬಹುದು, ಅದು ಬೇರೆ ಮಾತು.

ಸೊಸೆ ಬಾಗ್ಲು ತೆಗೆದೋಳೇ ಇವನ ಕೈ ಹಿಡ್ಕೊಂಡ್ಲು. "ಯಾವಾಗಪ್ಪ ಬಂದು ಸರಿ ಮಾಡಿಸಿದ್ದು? ನಾನು ಮನೇಲಿ ಇಲ್ದಾಗ ಬಂದಿದ್ಯಾ?"

"ಏನು ಅಕ್ಕ?"

ಗೋಡೆ ತೋರಿಸಿದ್ಲು.

ಮದುವೆ ಫೋಟೋ. ಹಳೇ ಚೌಕಟ್ಟು, ಹಳೇ ಗಾಜು, ಗಾಜಿನ ಅಂಚಲ್ಲಿ ಎಷ್ಟೋ ವರ್ಷದ ಧೂಳು ಹಂಗೇ. ಯಾರೂ ಬಿಚ್ಚಿದ ಗುರುತಿಲ್ಲ. ಮೀಸೆ ಗಂಡ ಹಂಗೇ ನಿಂತಿದಾನೆ. ಪಕ್ಕದಲ್ಲಿ ಹೊಗೆ ಇಲ್ಲ. ಒಬ್ಬಳು ಹುಡುಗಿ. ತುಂಬಿದ ಕೆನ್ನೆ, ನೆಟ್ಟಗಿನ ಬೆನ್ನು, ಕಣ್ಣು ಮಿಟುಕಿಸ್ದೇ ಸೀದಾ ನೋಡ್ತಿದಾಳೆ. ನಗು ತಡ್ಕೊಂಡಿರೋ ಬಾಯಿ.

ನಾನು ಹತ್ರ ಹೋಗಿ ನೋಡಿದೆ. ನನ್ನ ಕಣ್ಣು ಲಾರಿ ಡ್ರೈವರಿನ ಕಣ್ಣು, ಕತ್ತಲಲ್ಲಿ ಹೆಗ್ಗಣ ದಾಟಿದ್ರೂ ಗೊತ್ತಾಗ್ತಿತ್ತು. ಮೇಲಿಂದ ಕೆಳಗಿನವರೆಗೂ ನೋಡಿದೆ. ಕಾಲಿಗೆ ಮದುವೆ ದಿನದ ಹೊಸ ಚಪ್ಪಲಿ, ಪಳಪಳ ಅಂತಿದೆ.

ಎಡಗಾಲು ಬಲಗಾಲಿನ ಹಿಂದೆ ಎಳ್ಕೊಂಡಿದಾಳೆ. ಆದ್ರೂ ಒಂಚೂರು ಕಾಣತ್ತೆ. ಆ ಹೊಸ ಚಪ್ಪಲಿ ಪಟ್ಟಿಗೆ ಒಂದು ಪಿನ್ನು ಚುಚ್ಚಿದೆ.

ನಾನೇ ನೋಡಿದೀನಿ. ಮೂಲೆಮನೇಲಿ ಇವತ್ತಿಗೂ ನೇತಾಕಿದೆ. ಬೇಕಾದ್ರೆ ಬೆಳಗಾಗಲಿ, ಹೋಗಿ ನೋಡ್ಕೊಂಡು ಬನ್ನಿ.